ಪ್ಲಾಸ್ಟಿಕ್ ಹಿಡಿಯ ಚಕಮಕಿ ಕೋವಿ

ಡಿಸೆಂಬರ್ ಅರ್ಧ ಕಳೆದು ದೊಡ್ಡ ಬೇಟೆಯ ಹಂಗಾಮು ಮುಗಿದಿತ್ತು. ಆದರೂ ವರ್ಡಾ ಕ್ರಾಟ್ಸರಳ ಕಾರ್ ಶೆಡ್ಡಿನಲ್ಲಿ ಇನ್ನೂ ಹನ್ನೊಂದು ಜಿಂಕೆಗಳು ಹಿಂಗಾಲು ಮೇಲಾಗಿ ತೂಗುತ್ತಿದ್ದವು. ಒಂದೊಂದರ ಕಿವಿಗೂ ಯಜಮಾನನ ಹೆಸರಿನ ಚೀಟಿ. ಪೆನ್ಸಿಲ್ವೇನಿಯಾದ ಆ ಕಣಿವೆಯಲ್ಲಿ ಜಿಂಕೆ ಹೊಡೆಯುವವರು ನಾನೂರು ಮಂದಿ ಇದ್ದರೆ ಅದನ್ನು ಸರಿಯಾಗಿ ಕೊಯ್ಯಲು ಬಲ್ಲವಳು ಇವಳೊಬ್ಬಳೇ. ಎಡಗೈಯಲ್ಲಿ ಸಣ್ಣ ಚೂರಿ ಹಿಡಿದು ನಿಂತಳೆಂದರೆ ಚರ್ಮ ಅಂಗಿ ಬಿಚ್ಚಿದ ಹಾಗೆ ಇಳಿದುಬರುತ್ತಿತ್ತು.

ಗಂಡಸರು ತಮ್ಮ ಮಾಂಸಕ್ಕೆಂದು ಬಂದವರು ಕಾಫಿ ಲೋಟ ಹಿಡಿದು ಅಲ್ಲೇ ನಿಂತುಬಿಡುತ್ತಿದ್ದರು. ಹೊಡೆದ ಕಥೆ ಹೇಳದೆ ಅವರಿಗೆ ಮಾಂಸ ಒಯ್ದ ಸಮಾಧಾನವಿಲ್ಲ. ನೂರೈವತ್ತು ಗಜ ದೂರ, ಎದೆ ಕೊಟ್ಟು ನಿಂತಿತ್ತು, ಒಂದೇ ಗುಂಡು ಎಂದು ಒಬ್ಬ ಹೇಳುತ್ತಿದ್ದರೆ, ವರ್ಡಾಳ ಬೆರಳು ಆ ಜಿಂಕೆಯ ಪೃಷ್ಠದಲ್ಲಿದ್ದ ತೂತಿನ ಒಳಗೆ ಇರುತ್ತಿತ್ತು. ಅವಳು ಕೊಯ್ಯುತ್ತ ಹೋಗುತ್ತಿದ್ದಳು. ಕಣಿವೆಯ ಕಥೆಗಳೆಲ್ಲ ಅವಳ ಹತ್ತಿರ ಬರುವುದು ಸತ್ತ ಮೇಲೆಯೇ. ಮೂವತ್ತೊಂದು ವರ್ಷದಿಂದ ಹಾಗೆಯೇ.

ಆ ದಿನ ಬಂದವರು ಲಮಾರ್ ಹೆಪ್ನರ್ ಮತ್ತು ಯೋಕಮ್. ಲಮಾರ್ ವಿಮೆ ಮಾರಿ ನಿವೃತ್ತನಾದವನು, ಬೆಟ್ಟದ ಮೇಲಿನ ಬೇಟೆಮನೆಗೆ ಹದಿನಾರು ವರ್ಷದಿಂದ ಅಧ್ಯಕ್ಷ. ಯೋಕಮ್ ಅದರ ಕಾರ್ಯದರ್ಶಿ. ಹಾಲಿನ ಲಾರಿ ಓಡಿಸುತ್ತಿದ್ದವನು, ಮಾತು ಕಡಿಮೆ. ಬೇಟೆಮನೆಯಲ್ಲಿ ಒಂಬತ್ತು ಮಂಚಗಳು, ಒಂಬತ್ತು ಸದಸ್ಯರು. ವರ್ಡಾಳ ಗಂಡ ಎಲ್ವುಡ್ ಏಪ್ರಿಲ್‌ನಲ್ಲಿ ತೀರಿಕೊಂಡ ಮೇಲೆ ಒಂದು ಮಂಚ ಖಾಲಿ ಬಿದ್ದಿತ್ತು.

"ನಿನ್ನ ಹತ್ತಿರ ಒಂದು ಮಾತು ಆಡಬೇಕಿತ್ತು ವರ್ಡಾ," ಎಂದ ಲಮಾರ್, ಸಾಸೇಜಿನ ಪೊಟ್ಟಣ ಕಂಕುಳಿಗೆ ಸೇರಿಸಿಕೊಂಡು. "ಎಲ್ವುಡ್‌ನ ಮಂಚದ ವಿಷಯ. ನಮ್ಮ ಅಳಿಯ ಬ್ರೆಂಟ್ ಇದ್ದಾನಲ್ಲ, ಬಹಳ ದಿನದಿಂದ ಕಾಯ್ತಿದ್ದಾನೆ. ನೀನು ಒಂದು ಮಾತು ಹೂಂ ಅಂದುಬಿಟ್ರೆ..."

"ಮಂಚ ನಾನು ತಗೋತೀನಿ."

"ಮನೆಗಾ? ಅದು ಗೋಡೆಗೆ ಮೊಳೆ ಹೊಡೆದಿರೋದಮ್ಮ, ಬರಲ್ಲ."

"ಮನೆಗಲ್ಲ. ಅಲ್ಲೇ ಮಲಗೋಕೆ."

ಯೋಕಮ್ ಕೆಮ್ಮಿದ. ಲಮಾರ್ ನಗಲು ಶುರುಮಾಡಿ, ಅವಳ ಕೈಲಿದ್ದ ಚೂರಿ ನಿಲ್ಲದೆ ಹೋಗುತ್ತಿರುವುದನ್ನು ನೋಡಿ ಅರ್ಧಕ್ಕೆ ನಿಲ್ಲಿಸಿದ.

ಬೇಟೆಮನೆಯ ನಿಯಮವನ್ನು ಐವತ್ತು ವರ್ಷದ ಹಿಂದೆ ಯಾರೋ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು. ಸದಸ್ಯ ಸತ್ತರೆ ಮಂಚ ಅವನ ಮನೆಯವರದು. ಆದರೆ ಆ ಮನೆಯವರು ಮುಂದೆ ಬರುವ ಹೊಸ ವರ್ಷದ ಮಧ್ಯಾಹ್ನದೊಳಗೆ ಚಕಮಕಿ ಕೋವಿಯಿಂದ ಒಂದು ಜಿಂಕೆ ಹೊಡೆದಿರಬೇಕು, ಆಮೇಲೆ ಸದಸ್ಯರು ಕೈಯೆತ್ತಬೇಕು. ಕ್ರಿಸ್‌ಮಸ್ಸಿನ ಮರುದಿನದಿಂದ ಕೆಲವು ವಾರ ಕೋವಿ ಹಿಡಿದು ಕಾಡಿಗೆ ಹೋಗುವವನು ಮುತ್ತಜ್ಜಂದಿರ ಹಾಗೆ ಕಲ್ಲು ಉಕ್ಕು ತಾಕಿಸಿ ಕಿಡಿ ಹಾರಿಸುವ ಕೋವಿಯನ್ನೇ ಹಿಡಿಯಬೇಕೆಂಬುದು ಸರ್ಕಾರದ ಕಟ್ಟಳೆಯೂ ಹೌದು. ನಿಯಮ ಬರೆದವರು ಮನೆಯವರು ಎಂದು ಬರೆದರೇ ಹೊರತು ಗಂಡಸರು ಎಂದು ಬರೆಯಲು ಮರೆತಿದ್ದರು. ಹಾಗೆ ಬರೆಯುವ ಅಗತ್ಯ ಬಿದ್ದೀತೆಂದು ಅವರಿಗೆ ಹೊಳೆದಿರಲಾರದು.

"ಅಲ್ಲಾ ಮಾರಾಯ್ತಿ, ಅಲ್ಲಿ ಏನಿದೆ ಅಂತ ಬರ್ತೀಯ? ಇಲಿ ಕಾಟ, ಗೊರಕೆ. ಕಕ್ಕಸು ಹೊರಗಡೆ."

"ಮೂವತ್ತೊಂದು ವರ್ಷ ಆ ಮನೆಗೆ ಹಂದಿ ಬೇಯಿಸಿ ಕಳಿಸಿದೀನಿ ಲಮಾರ್, ಕಡುಬು ಕಳಿಸಿದೀನಿ. ಖಾಲಿ ಪಾತ್ರೆ ವಾಪಸ್ಸು ಬರ್ತಿತ್ತು, ಅದೂ ತೊಳೀದೆ. ಒಂದು ಸಲ ನಾನೂ ಅಲ್ಲಿ ಕೂತು, ಇನ್ನೊಬ್ಬರು ಮಾಡಿ ಹಾಕಿದ್ದನ್ನ ತಿನ್ನಬೇಕು. ಅಷ್ಟೇ."

ಅಷ್ಟೇ ಎಂಬುದು ಪೂರ್ತಿ ನಿಜವಲ್ಲ. ಹೊಸ ವರ್ಷದ ವಾರ ಕಣಿವೆಯ ಗಂಡಸರೆಲ್ಲ ಬೆಟ್ಟ ಹತ್ತುತ್ತಾರೆ. ಎಲ್ವುಡ್ ಇದ್ದಾಗಲೂ ಆ ವಾರ ಅವಳು ಒಂಟಿಯೇ. ಆದರೆ ಆಗ ಕಾಯುವುದಕ್ಕೆ ಒಬ್ಬನಿದ್ದ. ಇದನ್ನು ಲಮಾರ್‌ನಂಥವನಿಗೆ ಹೇಳಿ ಪ್ರಯೋಜನವಿಲ್ಲವೆಂದು ಅವಳು ಮುಂದಿನ ಜಿಂಕೆಯ ಕಾಲಿಗೆ ಕೈಹಾಕಿದಳು.

ಮೂರನೆಯ ದಿನ ಅವಳು ಟೈಟಸ್ ಶರ್ಕ್‌ನ ಕೋವಿ ಅಂಗಡಿಗೆ ಹೋದಾಗ ಲಮಾರ್ ಅಲ್ಲಿ ಆಗಲೇ ಬಂದು ಕೂತಿದ್ದ. ಸಲಹೆ ಕೊಡುವ ಅವಕಾಶವನ್ನು ಅವನು ಯಾವತ್ತೂ ಕೈಬಿಟ್ಟವನಲ್ಲ. ಕೆಟ್ಟ ಸಲಹೆಯಾದರೆ ಇನ್ನೂ ಬೇಗ ಬರುತ್ತಿದ್ದ.

"ಎಲ್ವುಡ್‌ನ ಕೋವಿ ಗೋಡೆ ಮೇಲೆ ಇಟ್ಕೊಂಡು ಅಂಗಡೀದು ಯಾಕಮ್ಮ? ಅಲೆಅಲೆ ಮೇಪಲ್ ಮರದ್ದು, ಬೆಳ್ಳಿ ನಕ್ಷತ್ರ ಕೂರಿಸಿದ್ದು. ಅದನ್ನ ಬಿಟ್ಟು ಕಾರ್ಖಾನೆ ಮಾಲು ತಗೊಂಡ್ರೆ ಅವನಿಗೇ ಅವಮಾನ ಮಾಡಿದ ಹಾಗೆ."

"ಅದು ಬಲಗೈಯವರ ಕೋವಿ. ನಾನು ಎಡಗೈ. ಬಲಗಡೆ ಬಟ್ಟಲಲ್ಲಿರೋ ರಂಜಕದ ಪುಡಿ ಕಿಡಿಗೆ ಹೊತ್ತಿಕೊಂಡ್ರೆ ಬೆಂಕಿ ನನ್ನ ಮೂಗಿನ ಕೆಳಗೇ ಏಳುತ್ತೆ. ನಳಿಗೆ ಬೇರೆ ನನ್ನ ಗಲ್ಲದವರೆಗೆ ಬರುತ್ತೆ, ಮದ್ದು ಹಾಕೋಕೆ ಏಣಿ ಬೇಕು."

"ಅಭ್ಯಾಸ ಮಾಡ್ಕೋಬೇಕಪ್ಪ. ಸಂಪ್ರದಾಯ ಅಂದ್ರೆ ಅಭ್ಯಾಸ ತಾನೆ."

ಲಮಾರ್‌ನ ಸಂಪ್ರದಾಯದ ಬಗ್ಗೆ ಕಣಿವೆಯಲ್ಲಿ ಗೊತ್ತಿಲ್ಲದವರಿಲ್ಲ. ಚಕಮಕಿ ಹಂಗಾಮು ಬಂತೆಂದರೆ ಅವನು ಅಂಚಿಗೆ ಜಾಲರಿ ಬಿಟ್ಟ ತೊಗಲಿನ ಕೋಟು ತೊಟ್ಟು, ಬಾಲ ಇಳಿಬಿಟ್ಟ ರಕೂನಿನ ಟೊಪ್ಪಿಗೆ ಹಾಕಿ, ಕೊಂಬಿನಲ್ಲಿ ಮದ್ದು ತುಂಬಿಕೊಂಡು ಹೊರಡುತ್ತಿದ್ದ. ಮೂರು ವರ್ಷ ಕಾದು ಒಬ್ಬ ಕುಶಲಕರ್ಮಿಯಿಂದ ಮಾಡಿಸಿಕೊಂಡ ಕೋವಿ. ಕಾಡಿನ ತನಕ ಹೋಗುವುದು ಸೀಟು ಬಿಸಿಯಾಗುವ ಟ್ರಕ್ಕಿನಲ್ಲಿ.

ಟೈಟಸ್ ಮೂರು ಕೋವಿ ತೆಗೆದು ಹಲಗೆಯ ಮೇಲಿಟ್ಟ. ಮೂರೂ ಕಾರ್ಖಾನೆಯವೇ. ಮೊದಲನೆಯದು ಉದ್ದ, ವಾಲ್ನಟ್ ಮರ, ಹಿತ್ತಾಳೆಯ ಹೊಳಪು. ಎರಡನೆಯದು ಅದಕ್ಕಿಂತ ಗಿಡ್ಡ, ಅಷ್ಟೇನೂ ಅಲಂಕಾರವಿಲ್ಲ. ಎರಡೂ ಬಲಗೈಯವು, ಎಡಗೈಯದು ಬೇಕೆಂದರೆ ಬರೆದು ತರಿಸಬೇಕು, ಬರುವುದು ಮಾರ್ಚಿಗೆ. ಮೂರನೆಯದು ಎಡಗೈಯದು. ಅದರ ಹಿಡಿ ಕಪ್ಪು ಪ್ಲಾಸ್ಟಿಕ್ಕು, ಮುಂದಿನ ಗುರಿಕಡ್ಡಿಯ ತುದಿಯಲ್ಲಿ ಮಿಂಚುವ ಹಸಿರು ಚುಕ್ಕೆ.

ಲಮಾರ್ ಅದನ್ನು ಎರಡು ಬೆರಳಲ್ಲಿ ಎತ್ತಿದ, ಸತ್ತ ಇಲಿಯ ಬಾಲ ಹಿಡಿದವನ ಹಾಗೆ. "ಇದರಲ್ಲಿ ಜಿಂಕೆ ಹೊಡೆಯೋದಲ್ಲ ತಾಯಿ. ಕಕ್ಕಸು ಕಟ್ಟಿಕೊಂಡ್ರೆ ಬಿಡಿಸಬಹುದು."

"ಒಳ್ಳೇದಾಯ್ತಲ್ಲ, ಎರಡು ಕೆಲಸಕ್ಕೂ ಬಂತು."

ಅವಳು ಕೋವಿಗಳನ್ನು ಚೂರಿ ಕೊಳ್ಳುವ ಹಾಗೆಯೇ ನೋಡಿದಳು. ಅಂದ ಕೇಳಲಿಲ್ಲ. ಒಂದೊಂದನ್ನೂ ಕಣ್ಣುಮುಚ್ಚಿ ಭುಜಕ್ಕೇರಿಸಿ, ಕೆನ್ನೆ ಕೂರಿಸಿ, ಆಮೇಲೆ ಕಣ್ಣು ತೆರೆಯುವುದು. ಉದ್ದದ್ದರಲ್ಲಿ ತೆರೆದ ಕಣ್ಣಿಗೆ ಕಂಡದ್ದು ಅಂಗಡಿಯ ಸೂರು. ಎರಡನೆಯದರಲ್ಲಿ ಟೈಟಸ್‌ನ ಕ್ಯಾಲೆಂಡರು. ಮೂರನೆಯದರಲ್ಲಿ ಹಿಂದಿನ ಗುರಿಯ ಸೀಳಿನೊಳಗೆ ಹಸಿರು ಚುಕ್ಕೆ ತಾನಾಗಿ ಬಂದು ಕೂತಿತ್ತು.

"ದೀಪ ಆರಿಸು ಟೈಟಸ್."

ಕತ್ತಲಲ್ಲಿ ಹತ್ತು ಸಲ, ಕಲ್ಲು ಕಚ್ಚಿಕೊಂಡಿರುವ ಕೋವಿಯ ಕುದುರೆ ಎಳೆದು ಬಿಟ್ಟಳು. ಆರು ಸಲ ಕಿಡಿ ಬಟ್ಟಲಿಗೆ ಬಿತ್ತು, ನಾಲ್ಕು ಸಲ ಬರೀ ಟಕ್ ಎಂದಿತು.

"ನಾನು ಹೇಳಲಿಲ್ವಾ," ಎಂದಿತು ಕತ್ತಲಿನಿಂದ ಲಮಾರ್‌ನ ದನಿ.

"ಕಲ್ಲು ಬದಲಾಯಿಸಿ ನೋಡೋಣ," ಎಂದ ಟೈಟಸ್. "ಕಾರ್ಖಾನೆಯವರು ಯಂತ್ರದಲ್ಲಿ ಕೊಯ್ದ ಕಲ್ಲು ಹಾಕಿ ಕಳಿಸ್ತಾರೆ, ಅದಕ್ಕೆ ಅಂಚಿರಲ್ಲ. ಇದು ಕೈಯಲ್ಲಿ ಒಡೆದದ್ದು."

ಕಪ್ಪು ಕಲ್ಲನ್ನು ತೊಗಲಿನ ಚೂರಿನಲ್ಲಿ ಸುತ್ತಿ, ಕುದುರೆಯ ಬಾಯಿಗೆ ಬಿಗಿದ. ಈಗ ಹತ್ತಕ್ಕೆ ಒಂಬತ್ತು. ಅಂಚು ಅವಳಿಗೆ ಅರ್ಥವಾಗುವ ವಿಷಯ.

"ತೊಳೆಯೋದು ಹೇಗೆ?"

ಟೈಟಸ್ ಒಂದು ಬೆಣೆ ಕಿತ್ತ. ನಳಿಗೆ ಹಿಡಿಯಿಂದ ಬೇರೆಯಾಗಿ ಕೈಗೆ ಬಂತು. "ಬಿಸಿನೀರಿನ ಬಕೆಟ್ಟಲ್ಲಿ ನಿಲ್ಲಿಸಿ ಉಜ್ಜಿಬಿಡು."

"ತೊಳೆಯೋಕೆ ಬರದ ಸಾಮಾನು ನಮ್ಮ ಮನೆಗೆ ಆಗಲ್ಲ. ಇದನ್ನೇ ಕಟ್ಟಿಕೊಡು."

"ವರ್ಡಾ, ಯೋಚನೆ ಮಾಡು," ಎಂದ ಲಮಾರ್. "ಮೇಲೆ ಎಲ್ಲರೂ ನಗ್ತಾರೆ."

"ನಗಲಿ. ಕೋವಿ ನಗದಿದ್ರೆ ಸಾಕು."

ಆಮೇಲೆ ಹತ್ತು ದಿನ ಅವಳು ಬೆಳಿಗ್ಗೆ ಜಿಂಕೆ ಕೊಯ್ದು ಮಧ್ಯಾಹ್ನ ಹಳೆಯ ಕಲ್ಲುಕ್ವಾರಿಗೆ ಹೋದಳು. ಕುದುರೆ ಬಿದ್ದು ರಂಜಕ ಹೊತ್ತಿ ಗುಂಡು ಹೊರಡುವುದರೊಳಗೆ ಒಂದು ಕ್ಷಣದ ಅಂತರವಿದೆ. ಆ ಒಂದು ಕ್ಷಣದಲ್ಲಿ ಮನುಷ್ಯನ ಹೆದರಿಕೆಯೆಲ್ಲ ಕೈಗೆ ಇಳಿದುಬಿಡುತ್ತದೆ. ಮೊದಲ ದಿನ ಗುಂಡು ಎಲ್ಲಿ ಹೋಯಿತೆಂದು ಗುಡ್ಡಕ್ಕೇ ಗೊತ್ತು. ಅವಳು ಚಿಂತಿಸಲಿಲ್ಲ. ಒದೆಯುವ ಹಸುವಿನ ಪಕ್ಕ ಅಲುಗಾಡದೆ ನಿಂತು ಬೆಳೆದವಳು. ಇದೂ ಅದೇ ಎಂದುಕೊಂಡಳು. ನಲವತ್ತನೆಯ ಗುಂಡಿನ ಹೊತ್ತಿಗೆ ಐವತ್ತು ಹೆಜ್ಜೆಯ ತಟ್ಟೆಗೆ ನಾಲ್ಕಕ್ಕೆ ಮೂರು ಬಿದ್ದವು. ಗುಂಡು ಇಳಿಸುವ ಗಜಕಡ್ಡಿಯ ಮೇಲೆ ಚೂರಿಯಿಂದ ಎರಡು ಗೀರು ಹಾಕಿಕೊಂಡಳು: ನಳಿಗೆ ಖಾಲಿ ಇದ್ದರೆ ಕಡ್ಡಿ ಇಷ್ಟು ಇಳಿಯಬೇಕು, ಮದ್ದು ಗುಂಡು ಎರಡೂ ಇದ್ದರೆ ಇಷ್ಟು.

ಡಿಸೆಂಬರ್ ಮೂವತ್ತರ ಬೆಳಿಗ್ಗೆ ಬೇಟೆಮನೆಯವರು ಅವಳನ್ನು ಕರೆದುಕೊಂಡು ಹೋದರು. ಒದ್ದೆ ಹಿಮ, ಮೋಡ. ಅರ್ಧ ಮಂದಿ ಕಾಡು ಸೋವಿ ಜಿಂಕೆ ಎಬ್ಬಿಸುವುದು, ಅರ್ಧ ಮಂದಿ ಕಂಡಿಗಳಲ್ಲಿ ಕೂರುವುದು. ಯಾರೆಲ್ಲಿ ಎಂದು ಹೇಳುವವನು ಲಮಾರ್. ತನಗೆ ಓಕ್ ಮರಗಳ ದಿಣ್ಣೆ ಇಟ್ಟುಕೊಂಡ. ಅವಳಿಗೆ ಕರೆಂಟು ಕಂಬಗಳ ಸಾಲಿನ ಕೆಳಗೆ, ಬೇಟೆಮನೆಯ ಕಸದ ಗುಂಡಿಯ ಆಚೆಗೆ, ಜೌಗಿನ ಅಂಚು ಕೊಟ್ಟ.

"ಗಾಳಿ ಕಮ್ಮಿ ಇರುತ್ತೆ ಅಲ್ಲಿ. ನಿನಗೆ ಹಿತವಾಗಿರುತ್ತೆ," ಎಂದ. ಆ ಜಾಗದಲ್ಲಿ ಹದಿನಾರು ವರ್ಷದಲ್ಲಿ ಯಾರೂ ಜಿಂಕೆ ಕಂಡಿರಲಿಲ್ಲ. ಯಾರೂ ಅಲ್ಲಿ ಕೂತಿರಲಿಲ್ಲವೆಂಬುದು ಬೇರೆ ಮಾತು.

ವರ್ಡಾ ಸರಿ ಎಂದಳು. ಕಳೆದ ಮೂರು ನಾಲ್ಕು ಚಳಿಗಾಲ ಈ ಬೆಟ್ಟದ ಜಿಂಕೆಗಳ ಚರ್ಮ ಸುಲಿಯುವಾಗ ಅವಳ ಕೈಗೆ ಅಂಟುತ್ತಿದ್ದುದು ಎರಡು ಮುಳ್ಳಿನ ಒಂದು ಚಪ್ಪಟೆ ಬೀಜ. ಹೊಟ್ಟೆಯ ಕೆಳಗೆ, ತೊಡೆಯ ಸಂದಿಯಲ್ಲಿ, ಮುಷ್ಟಿಗಟ್ಟಲೆ. ಓಕ್ ದಿಣ್ಣೆಯ ಮೇಲೆ ಆ ಗಿಡ ಬೆಳೆಯುವುದಿಲ್ಲ. ಜೌಗಿನಲ್ಲಿ, ಬಿಸಿಲು ಬೀಳುವ ಕಡೆ, ಅಂದರೆ ಕಂಬಗಳ ಸಾಲಿನ ಕೆಳಗೆ ಮಾತ್ರ ಬೆಳೆಯುತ್ತದೆ. ಗಂಡಸರು ಜಿಂಕೆಯ ಕೊಂಬು ನೋಡಿದ್ದರು. ಹೊಟ್ಟೆ ನೋಡಿದವಳು ಇವಳು.

ಹತ್ತೂವರೆಗೆ ಒಂದು ಹೆಣ್ಣು ಜಿಂಕೆ ಆ ಒಣಗಿಡಗಳ ನಡುವೆ ತಲೆ ತಗ್ಗಿಸಿಕೊಂಡು, ಅಂಗಡಿಗೆ ಹೊರಟವಳ ಹಾಗೆ ಬಂತು. ಮೂವತ್ತೈದು ಹೆಜ್ಜೆ. ಹಸಿರು ಚುಕ್ಕೆ ಮುಂಗಾಲಿನ ಹಿಂದೆ ಕೂತಿತು. ಟಕ್, ಬುಸ್, ಢಮ್. ವರ್ಡಾ ಅಲುಗದೆ ಹೊಗೆ ಹೋಗುವ ತನಕ ನಿಂತಳು. ಜಿಂಕೆ ನಲವತ್ತು ಗಜ ಓಡಿ, ಬೇಲಿಗಿಡಕ್ಕೆ ಒರಗಿದ ಹಾಗೆ ಬಿದ್ದಿತ್ತು. ಅವಳು ಚೀಟಿ ಬರೆದು ಅದರ ಕಿವಿಗೆ ಕಟ್ಟಿದಳು. ಅಷ್ಟು ವರ್ಷ ಓದಿದ ಚೀಟಿಗಳಲ್ಲಿ ತನ್ನ ಹೆಸರಿನದು ಅದೇ ಮೊದಲು; ಅಕ್ಷರ ಸ್ವಲ್ಪ ಸೊಟ್ಟಗಾಯಿತು.

ಕರುಳು ತೆಗೆದು ಕೈಯನ್ನು ಹಿಮಕ್ಕೆ ಒರೆಸುತ್ತಿದ್ದಾಗ ಲಮಾರ್ ಇಳಿದುಬಂದ. ಒಬ್ಬನೇ. ರಕೂನಿನ ಟೊಪ್ಪಿಗೆ ಕೈಯಲ್ಲಿತ್ತು. ಜಿಂಕೆಯ ಪಕ್ಕ ನಿಂತು, ಆಚೆ ಈಚೆ ತಿರುಗಿ ನೋಡಿದ.

"ನಿನ್ನ ಹತ್ತಿರ ಸೂಜಿಗೀಜಿ ಏನಾದರೂ ಇದೆಯಾ?"

"ಯಾಕೆ?"

"ಗುಂಡು ಒಳಗೆ ಕೂತುಬಿಟ್ಟಿದೆ."

"ಹಾರಿಸು."

ಲಮಾರ್ ನೆಲ ನೋಡಿದ. "ಮದ್ದು ಇಲ್ಲ ಒಳಗೆ."

"ಮದ್ದು ಹಾಕದೆ ಗುಂಡು ಇಳಿಸಿದ್ಯಾ?"

"ಮೊಮ್ಮಕ್ಕಳಿಗೆ ಅಂತ ಫೋನಲ್ಲಿ ವಿಡಿಯೋ ಮಾಡ್ತಿದ್ದೆ. ಮಾತಾಡ್ತಾ ಆಡ್ತಾ ಮರೆತುಹೋಯ್ತು."

"ಏನು ಮಾತಾಡ್ತಿದ್ದೆ?"

"ಮದ್ದನ್ನ ಹೇಗೆ ಅಳೀಬೇಕು ಅಂತ."

ಅವನೆದುರು ಎಂಟು ಕವಲಿನ ಕೊಂಬಿನ ಗಂಡು ಜಿಂಕೆ ಬಂದು ನಿಂತಿತ್ತಂತೆ. ನಾಲ್ಕು ಸಲ ರಂಜಕ ಬುಸ್ ಎಂದು ಉರಿದು ಆರಿತಂತೆ. ನಾಲ್ಕನೆಯ ಸಲಕ್ಕೆ ಜಿಂಕೆ ಬೇಸರಗೊಂಡು ಹೋಯಿತಂತೆ. ಆಮೇಲೆ ಬಟ್ಟಲಿನ ಬೆಂಕಿ ನಳಿಗೆಯೊಳಗೆ ಹೋಗುವ ಕಿವಿತೂತಿನಿಂದ ಒಂದಿಷ್ಟು ಮದ್ದು ತುರುಕೋಣವೆಂದು, ಹಳೆಯ ಕಾಲದವರ ಹಾಗೆ, ಕೋಳಿಗರಿಯ ಕಡ್ಡಿ ಹಾಕಿ ತಿರುವಿದ್ದಾನೆ. ಅದು ತೂತಿನೊಳಗೇ ಮುರಿದುಕೊಂಡಿದೆ.

ಬೇಟೆಮನೆಯ ಬಾಗಿಲ ಮೇಲೆ ಒಂದು ಹಲಗೆ ಇತ್ತು. ಮದ್ದು ಹಾಕದೆ ಗುಂಡು ಇಳಿಸಿದ ಮಹಾನುಭಾವರ ಹೆಸರು, ಇಸವಿ ಸಮೇತ, ಏಳು ಹೆಸರು. ಏಳನ್ನೂ ಮುದ್ದಾದ ಅಕ್ಷರದಲ್ಲಿ ಬರೆದವನು ಲಮಾರ್. ಬರೆಯುವ ದಿನ ಅವನು ಒಂದು ಸಣ್ಣ ಭಾಷಣವನ್ನೂ ಮಾಡುತ್ತಿದ್ದ.

ವರ್ಡಾ ಚೀಲದಿಂದ ಮಾಂಸದ ಉಂಡೆ ಹೊಲಿಯುವ ಉಕ್ಕಿನ ಸೂಜಿ ತೆಗೆದಳು. ಮೂಳೆಸಂದಿಯಿಂದ ಮುಳ್ಳು ಕೀಳುವ ಹಾಗೆ ಗರಿಯ ಚೂರನ್ನು ಕಿತ್ತಳು. ಚಿಟಿಕೆ ಚಿಟಿಕೆಯಾಗಿ ರಂಜಕ ತುರುಕಿ, ಅವನ ಗಜಕಡ್ಡಿಯಲ್ಲೇ ಗುಂಡನ್ನು ಮತ್ತೆ ಬಿಗಿಯಾಗಿ ಒತ್ತಿಸಿ, ದಿಬ್ಬಕ್ಕೆ ಗುರಿಯಿಡಿಸಿದಳು. ಮೂರು ವರ್ಷ ಕಾದು ಮಾಡಿಸಿದ ಕೋವಿ ಹಾಲು ಕುಡಿದ ಮಗು ತೇಗಿದಷ್ಟು ಸದ್ದು ಮಾಡಿ, ಗುಂಡನ್ನು ಹತ್ತಡಿ ದೂರದ ಹಿಮದ ಮೇಲೆ ಉಗುಳಿತು.

"ಮೇಲೆ ಹೋಗಿ ಇದನ್ನೆಲ್ಲ ಹೇಳೋದೇನೂ ಬೇಡ," ಎಂದ ಲಮಾರ್.

"ನಾನ್ಯಾಕೆ ಹೇಳ್ಲಿ."

"ಈ ಉಪಕಾರ ನಾನು ಮರೆಯೋನಲ್ಲ."

"ಸರಿ. ಆ ಕಡೆ ಕಾಲು ಹಿಡಿ, ಎಳೆಯೋಣ."

ಎರಡು ದಿನಕ್ಕೆ ಮರೆತ.

ಹೊಸ ವರ್ಷದ ದಿನ ಹನ್ನೊಂದಕ್ಕೆ ಎಂಟು ಜನ ಬೇಟೆಮನೆಯ ಮೇಜಿನ ಸುತ್ತ ಕೂತಿದ್ದರು. ಹಂದಿಮಾಂಸ, ಹುಳಿ ಎಲೆಕೋಸು ಎರಡೂ ಹಸಿಯಾಗಿ ಒಲೆಯ ಪಕ್ಕ ಕೂತಿದ್ದವು. ಈ ಸಲ ವರ್ಡಾ ಬೇಯಿಸಿ ಕಳಿಸಿರಲಿಲ್ಲ, ಯಾರು ಬೇಯಿಸಬೇಕೆಂದು ಯಾರೂ ಯೋಚಿಸಿರಲಿಲ್ಲ. ವರ್ಡಾ ಬಾಗಿಲ ಹತ್ತಿರ ಸ್ಟೂಲಿನ ಮೇಲಿದ್ದಳು.

"ನನಗೆ ವರ್ಡಾ ಮೇಲೆ ಏನೂ ಇಲ್ಲ," ಎಂದು ಶುರುಮಾಡಿದ ಲಮಾರ್. "ಹೆಂಗಸು ಅನ್ನೋ ಪ್ರಶ್ನೆಯೇ ಅಲ್ಲ ಇದು. ಕೋವಿಯ ಪ್ರಶ್ನೆ. ನಮ್ಮ ಹಿರಿಯರು ಚಕಮಕಿ ಕೋವಿ ಅಂತ ಬರೆದಾಗ ಅವರ ಮನಸ್ಸಲ್ಲಿ ಇದ್ದದ್ದು ಪ್ಲಾಸ್ಟಿಕ್ಕಾ? ಅದರ ಮೂತೀಲಿ ದೀಪ ಬೇರೆ ಇದೆ."

"ಸರ್ಕಾರ ಒಪ್ಪಿದೆಯಲ್ಲ," ಎಂದ ಯೋಕಮ್. "ಕಲ್ಲಿದೆ, ಕಿಡಿ ಬರುತ್ತೆ, ಜಿಂಕೆ ಸತ್ತಿದೆ. ಇನ್ನೇನು ಬೇಕು?"

"ಸಂಪ್ರದಾಯ ಬೇಕು ಯೋಕಮ್. ನಿಧಾನವಾಗಿ, ಶ್ರದ್ಧೆಯಿಂದ ಮದ್ದು ಅಳೆದು, ಗುಂಡು ಇಳಿಸಿ..."

ಯೋಕಮ್ ಕೈ ಎಣಿಸಿದ. ಬೇಕು ಎಂದವರು ನಾಲ್ವರು. ಬೇಡ ಎಂದವರು ಮೂವರು. ಅಧ್ಯಕ್ಷನ ಕೈ ಕಡೆಯದು. ಸಮ ಬಂದರೆ ಪ್ರಸ್ತಾಪ ಬಿತ್ತು. ಲಮಾರ್ ಕೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟುಕೊಂಡು, ಬಹಳ ದುಃಖದ ಮುಖ ಮಾಡಿದ.

ವರ್ಡಾ ಆ ಗುಂಡಿನ ವಿಷಯ ಹೇಳಬಾರದೆಂದೇ ಬಂದಿದ್ದಳು.

"ಲಮಾರ್," ಎಂದಳು, "ನನ್ನ ಮಾಂಸದ ಸೂಜಿ ನಿನ್ನ ಚೀಲದಲ್ಲೇ ಉಳೀತು ಅಂತ ಕಾಣುತ್ತೆ."

"ಯಾವ ಸೂಜಿ?" ಎಂದ ಯೋಕಮ್.

ಲಮಾರ್‌ನ ಕೈ ಮೇಲೆದ್ದಿತು, ಯಾರೋ ಹಗ್ಗ ಕಟ್ಟಿ ಎಳೆದ ಹಾಗೆ. ಐದು ಮೂರು. ಯಾರೋ ಮೇಜು ಕುಟ್ಟಿದರು. ಯೋಕಮ್ ಪುಸ್ತಕದಲ್ಲಿ ಅವಳ ಹೆಸರು ಬರೆದು, ಪುಟ ತಿರುವಿ, ಕನ್ನಡಕ ಸರಿಮಾಡಿಕೊಂಡ. ಒಳ್ಳೆಯ ಮನುಷ್ಯ, ನಿಯಮ ಕಂಡರೆ ಓದದೆ ಇರಲಾರ.

"ಇನ್ನೊಂದಿದೆ. ಹೊಸ ಸದಸ್ಯ ಮೊದಲ ವರ್ಷ ಎಲ್ಲರಿಗೂ ಅಡುಗೆ ಮಾಡತಕ್ಕದ್ದು. ನನಗೂ ಮಾಡಿಸಿದ್ರು."

ಎಂಟು ಮುಖಗಳೂ ಒಮ್ಮೆಗೇ ಅರಳಿದವು. ಬೇಡವೆಂದು ಕೈ ಎತ್ತಿದ್ದ ಮೂವರಿಗೆ ಈಗ ಆ ನಿರ್ಧಾರದಷ್ಟು ಸರಿಯಾದದ್ದು ಇನ್ನೊಂದಿಲ್ಲ ಅನ್ನಿಸಿತು. ಒಬ್ಬ ಆಗಲೇ ಎದ್ದು, ಮೊಳೆಯಲ್ಲಿದ್ದ ಅಡುಗೆಯ ಏಪ್ರನ್ ತಂದು ಅವಳ ತೊಡೆಯ ಮೇಲೆ ಇಟ್ಟ. ವರ್ಡಾ ಅದನ್ನು ನೋಡಿದಳು. ಜಿಡ್ಡು ಹಿಡಿದ, ನೂರು ಸಲ ಒಗೆದ ಬಟ್ಟೆ. ಜಿಂಕೆ ಹೊಡೆದು, ಕೈಯೆತ್ತಿಸಿ, ಅವಳು ಬಂದು ತಲುಪಿದ್ದು ತನ್ನದೇ ಅಡುಗೆಮನೆಗೆ. ನಿಯಮ ನಿಯಮವೇ. ಎಲ್ಲ ಗಂಡಸರೂ ಮಾಡಿದ್ದಾರೆ.

ಅವಳು ತಲೆಯೆತ್ತಿ ಬಾಗಿಲ ಮೇಲಿನ ಹಲಗೆಯನ್ನು ನೋಡಿದಳು. ಮೊದಲಿನಿಂದ ಕಡೆಯವರೆಗೆ, ಓದುತ್ತ ಓದುತ್ತ. ಆಮೇಲೆ ಕಡೆಯ ಹೆಸರಿನ ಕೆಳಗೆ ಖಾಲಿ ಬಿಟ್ಟಿದ್ದ ಜಾಗದಲ್ಲಿ ಕಣ್ಣು ನಿಲ್ಲಿಸಿ ಸುಮ್ಮನೆ ಕೂತಳು.

ಲಮಾರ್ ಎದ್ದು ನಿಂತ.

"ಇದು ಸರಿಯಲ್ಲ," ಎಂದ. "ಈ ಹೆಂಗಸು ನಮಗೆ ಮೂವತ್ತೊಂದು ವರ್ಷ ಮಾಡಿ ಹಾಕಿದ್ದಾಳೆ. ಎಲ್ವುಡ್‌ನ ನೆನಪಿಗಾಗಿ, ಅವಳ ಪಾಳಿ ನಾನು ಮಾಡ್ತೀನಿ."

"ವರ್ಷ ಪೂರ್ತಿನಾ?" ಎಂದ ಯೋಕಮ್.

ಲಮಾರ್ ವರ್ಡಾಳ ಕಡೆ ನೋಡಿದ. ಅವಳಿನ್ನೂ ಹಲಗೆಯನ್ನೇ ನೋಡುತ್ತಿದ್ದಳು.

"ವರ್ಷ ಪೂರ್ತಿ."

ಎಂಥ ದೊಡ್ಡ ಮನಸ್ಸು ಎಂದು ಎಲ್ಲರೂ ಹೇಳಿದರು. ಇಬ್ಬರು ಬಂದು ಅವನ ಕೈ ಕುಲುಕಿದರು. ಅವನು ತೊಗಲಿನ ಕೋಟಿನ ಮೇಲೆಯೇ ಏಪ್ರನ್ ಕಟ್ಟಿಕೊಂಡು ಒಲೆಯ ಕಡೆ ಹೋದ; ಕೋಟಿನ ಜಾಲರಿ ಎರಡು ಸಲ ಬೆಂಕಿಗೆ ತಾಕಿ ಕಮಟು ವಾಸನೆ ಬಂತು. ಹಂದಿ ಹೊರಗೆ ಕರಿಯಾಗಿ, ಒಳಗೆ ಗುಲಾಬಿ ಬಣ್ಣಕ್ಕೆ ಬೆಂದಿತು. ಎಲೆಕೋಸು ಪಾತ್ರೆಯ ತಳ ಹಿಡಿಯಿತು. ಮೂರು ಗಂಟೆಗೆ ತಟ್ಟೆ ಬಂತು.

ವರ್ಡಾ ಎಲ್ವುಡ್‌ನ ಮಂಚದ ಅಂಚಿನಲ್ಲಿ ಕೂತು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಸೀದು ಕರಿಯಾದ ಭಾಗವನ್ನು ಬದಿಗೆ ತಳ್ಳಿ, ಉಳಿದದ್ದನ್ನು ನಿಧಾನವಾಗಿ ತಿಂದಳು. ಉಳಿದವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಅವಳು ಕೂತಲ್ಲಿಂದಲೇ ಖಾಲಿ ತಟ್ಟೆಯನ್ನು ಲಮಾರ್‌ನ ಕಡೆ ಚಾಚಿದಳು.

"ಇನ್ನೊಂದು ಚೂರು ಹಾಕು," ಎಂದಳು.